ಹ್ಯಾಕ್ಸ್‌ಬಿ ಮೂಗು

ನಮ್ಮ ಯಾರ್ಕ್‌ಶೈರಿನ ಈ ಮೂಲೆಯಲ್ಲಿ ಹ್ಯಾಕ್ಸ್‌ಬಿ ಎಂಬ ಹೆಸರು ಕೇಳಿದರೆ ಮಾಂಸದಂಗಡಿಯವನೂ ಒಳ್ಳೆಯ ತುಂಡನ್ನೇ ಹುಡುಕಿ ಕತ್ತರಿಸುತ್ತಿದ್ದ. ಅಡ್ಮಿರಲ್ ಒಬ್ಬ, ಬಿಷಪ್ ಒಬ್ಬ, ಇಂಗ್ಲೆಂಡಿಗೆ ಆಡಿದ ಬೌಲರ್ ಒಬ್ಬ ಆ ಮನೆತನದಲ್ಲಿ ಹುಟ್ಟಿದ್ದರು. ಪ್ರತಿ ಬೇಸಿಗೆಗೆ ಹ್ಯಾಕ್ಸ್‌ಬಿಗಳೆಲ್ಲ ಚರ್ಚಿನ ಸಭಾಂಗಣದಲ್ಲಿ ಸೇರಿ, ಈ ದೊಡ್ಡವರ ಚಿತ್ರಗಳ ಕೆಳಗೆ ಕೂತು ಚಹಾ ಕುಡಿಯುತ್ತಿದ್ದರು.

ಉಣ್ಣೆ ಗಿರಣಿಯಲ್ಲಿ ನೂಲುತ್ತಿದ್ದ ಹೆಟ್ಟಿ ಬ್ರೂಕ್‌ಗೆ ಗಂಡನಿರಲಿಲ್ಲ. ಮಗಳು ಹುಟ್ಟಿದಾಗ ಪಾದ್ರಿಯೊಂದಿಗೆ ಜಗಳವಾಡಿ ಡಾರ್ಕಸ್ ಹ್ಯಾಕ್ಸ್‌ಬಿ ಎಂದೇ ಹೆಸರಿಡಿಸಿದಳು. ಗಿರಣಿಯ ಒಡೆಯ ಕ್ಲೆಮೆಂಟ್ ಹ್ಯಾಕ್ಸ್‌ಬಿಯೇ ತಂದೆಯೆಂದು ಊರಿಗೆಲ್ಲ ಗೊತ್ತಿತ್ತು, ಬಾಯಿಬಿಟ್ಟು ಆಡಿದವರಿಲ್ಲ.

ಡಾರ್ಕಸ್‌ಗೆ ಹತ್ತೊಂಬತ್ತು ತುಂಬಿದ ಬೇಸಿಗೆಯಲ್ಲಿ ಕ್ಲೆಮೆಂಟನ ಅಕ್ಕ ವಿನಿಫ್ರೆಡ್ ಅವಳನ್ನು ಬೀದಿಯಲ್ಲಿ ತಡೆದು ನಿಲ್ಲಿಸಿದಳು.

"ನೀನೂ ಹ್ಯಾಕ್ಸ್‌ಬಿ ತಾನೇ? ಭಾನುವಾರ ಬಾರಮ್ಮ."

ಹೆಟ್ಟಿ ತನ್ನ ಒಂದೇ ಒಂದು ಒಳ್ಳೆಯ ಉಡುಪಿನ ಹೊಲಿಗೆ ಬಿಚ್ಚಿ ಮಗಳ ಅಳತೆಗೆ ಹೊಲಿದುಕೊಟ್ಟಳು.

ಸಭೆಯಲ್ಲಿ ವಿನಿಫ್ರೆಡ್ ಡಾರ್ಕಸ್‌ಳ ಕೈಹಿಡಿದು ಅಡ್ಮಿರಲ್ಲನ ಚಿತ್ರದ ಪಕ್ಕ ನಿಲ್ಲಿಸಿದಳು.

"ಎಲ್ರೂ ನೋಡ್ರಪ್ಪಾ! ಅದೇ ಡೊಂಕು ಮೂಗು ಅಲ್ವಾ?"

ಜನ ನಕ್ಕರು. ಪ್ರೀತಿಯ ನಗುವೆಂದುಕೊಂಡು ಡಾರ್ಕಸ್ ಕೂಡ ನಕ್ಕಳು.

"ಮೂಗೇನೋ ನಮ್ದೇ, ಕೊಟ್ಟೋರು ಯಾರು ಅಂತ ಗೊತ್ತಿಲ್ಲ. ನಿಮ್ಮಮ್ಮನ್ನ ಕೇಳಿದ್ಯೇನೇ? ಅವಳಿಗಾದ್ರೂ ನೆನಪಿದ್ಯಾ?" ಎಂದಳು ವಿನಿಫ್ರೆಡ್.

ಈಗ ಕುರ್ಚಿಗಳೇ ಅಲುಗಾಡುವಷ್ಟು ನಗು. ಡಾರ್ಕಸ್ ಮೇಜಿನ ತುದಿಯಲ್ಲಿದ್ದ ಕ್ಲೆಮೆಂಟನನ್ನೇ ನೋಡಿದಳು.

"ಕ್ಲೆಮ್, ಈ ಹುಡುಗಿ ಗುರುತಿದ್ಯೇನೋ?" ವಿನಿಫ್ರೆಡ್ ಕೂಗಿದಳು.

ಅವನು ಬ್ರೆಡ್ಡಿಗೆ ಸಾಸಿವೆ ಗೊಜ್ಜು ಸವರುತ್ತಿದ್ದ. ತಲೆಯೆತ್ತಲಿಲ್ಲ.

"ಗಿರಣಿ ತುಂಬ ಹುಡುಗೀರೇ ಅಕ್ಕಾ. ಯಾರ್ಯಾರ ಮುಖ ಅಂತ ನೆನಪಿಟ್ಕೊಳ್ಲಿ? ಅದಕ್ಕೊಂದು ತುಂಡು ಕೇಕ್ ಕೊಟ್ಟು ಕಳ್ಸು."

ಕೈಗೆ ತುರುಕಿದ ಕೇಕನ್ನು ಡಾರ್ಕಸ್ ಹೊರಗಿನ ಚರಂಡಿಗೆ ಎಸೆದಳು. ಮನೆಯ ಮೆಟ್ಟಿಲ ಮೇಲೆ ಹೆಟ್ಟಿ ಕಾಯುತ್ತಿದ್ದಳು.

"ಅವರು ಮಾತಾಡಿಸಿದ್ರಾ? ಏನಂದ್ರು, ಹೇಳೇ!"

"ಅಪ್ಪ ಯಾರು ಅಂತ ಕೇಳಿದ್ರು. ಅಮ್ಮನಿಗೇ ಗೊತ್ತಿಲ್ಲ, ಎಷ್ಟು ಜನ ಬಂದುಹೋದ್ರೋ ಅಂದೆ."

ಅಲ್ಲಿ ಅವಳು ಒಂದು ಮಾತೂ ಆಡಿರಲಿಲ್ಲ. ಇಲ್ಲಿ ಆಡಿದಳು. ತಾಯಿಯ ಮುಖ ಬಿಳಿಚಿಕೊಳ್ಳುವುದನ್ನು ನಿಂತು ನೋಡಿದಳು; ಎದೆಯ ಉರಿ ಕೊಂಚ ಇಳಿದಂತಾಯಿತು.

ಅದೇ ವಾರ ಅವಳು ಲೀಡ್ಸಿಗೆ ಹೋಗಿ, ಮನೆತನದ ಹೆಸರು ಸ್ಮಿತ್ ಎಂದು ಹೇಳಿಕೊಂಡು ಒಂದು ಚಹಾದಂಗಡಿ ಸೇರಿದಳು. ಬೇರೆ ಗಿರಣಿಯಿಲ್ಲದ ಊರಿನಲ್ಲಿ ಹೆಟ್ಟಿ ಕ್ಲೆಮೆಂಟನ ಕೈಕೆಳಗೇ ಮುದುಕಿಯಾಗುವವರೆಗೆ ನೂಲಿದಳು. ಅವಳು ಸತ್ತಾಗ ಗಿರಣಿಯಿಂದ ಹೂಮಾಲೆ ಬಂತು, ಸತ್ತ ಕೆಲಸಗಾರರಿಗೆಲ್ಲ ಕಳಿಸುವಂಥದೇ. ಮಗಳು ಬರಲಿಲ್ಲ.