ಕಂಬಕ್ಕೂ ನನಗೂ ಒಂದೇ ಬಿಸಿಲು

"ಲೇ ರಂಗ, ಅಲ್ಲಾಡಬ್ಯಾಡ ಅಂದ್ರೆ ಕಿವಿ ಕೇಳಾಕಿಲ್ವೇನ್ಲಾ, ಬೋಳಿಮಗನೆ! ನಿನ್ನ ನೆಳ್ಳು ಅಲ್ಲಾಡ್ತಾ ಐತೆ, ಲೆಕ್ಕ ಕೆಡ್ತದೆ!"

ಹೆಡ್ ಮೇಷ್ಟ್ರು ಸಂಜೀವಯ್ಯನವರು ಹೊಂಗೆ ಮರದ ತಂಪಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಲ್ಲಿಂದಲೇ ಕೂಗಿದರು. ನಾನು ಬಂಡೆಯ ಮೇಲೆ ನಿಂತಿದ್ದೆ. ನನ್ನ ಹೆಸರು ಚಿಕ್ಕರಂಗಯ್ಯ. ಅದರೊಳಗಿನ 'ಅಯ್ಯ' ಕೇರಿಯವರ ಬಾಯಲ್ಲಿ ಮಾತ್ರ. ಊರೊಳಕ್ಕೆ ಕಾಲಿಟ್ಟರೆ ಅದು ತಾನಾಗಿ ಉದುರಿಹೋಗುತ್ತದೆ. ಬೆಳಗಿನಿಂದ ನೆರಳು ಅಳೆಯುವ ಹಗ್ಗದ ಒಂದು ತುದಿಯನ್ನು ಕಾಲಿನ ಹೆಬ್ಬೆರಳ ಕೆಳಗೆ ಒತ್ತಿ ಹಿಡಿದಿದ್ದೆ. ಬಂಡೆ ಕಾದಂತೆ ಅಂಗಾಲು ಉರಿಯಿತು. ಆಮೇಲೆ ಉರಿಯುವುದೂ ನಿಂತಿತು. ಕಾಲು ನನ್ನದೋ ಬಂಡೆಯದೋ ಎಂದು ತಿಳಿಯದ ಹಾಗಾಯಿತು.

ಮೈಸೂರಿನ ದೊಡ್ಡ ಕಾಲೇಜಿನಿಂದ ಪ್ರೊಫೆಸರ್ ಒಬ್ಬರು ಮೋಟಾರಿನಲ್ಲಿ ಬಂದಿದ್ದರು. ಹಳ್ಳಿಯ ಸ್ಕೂಲುಗಳಲ್ಲಿ ಲೆಕ್ಕವೂ ವಿಜ್ಞಾನವೂ ತೀರಾ ಹಿಂದೆ ಬಿದ್ದಿವೆಯೆಂದು ಕಾಲೇಜಿನವರಿಗೆ ಕನಿಕರ ಬಂದು, ಸಿರಾ ಮಧುಗಿರಿ ಕಡೆಯ ಕೆಲವು ಸ್ಕೂಲುಗಳನ್ನು ತಮ್ಮ ಜೊತೆಗೆ ಸೇರಿಸಿಕೊಂಡಿದ್ದರಂತೆ. ಅವರು ಆಗಾಗ ಬಂದು ಮೇಷ್ಟ್ರುಗಳಿಗೆ ಕಲಿಸಿಕೊಡುವುದು, ಮೇಷ್ಟ್ರುಗಳು ಮಕ್ಕಳಿಗೆ ಕಲಿಸುವುದು. ಚೆನ್ನಾಗಿ ಕಲಿಸಿದ ಸ್ಕೂಲಿಗೆ ಕನ್ನಡಿ ಬಾಗಿಲಿನ ಒಂದು ಬೀರು, ಅದರ ತುಂಬ ವಿಜ್ಞಾನದ ಸಾಮಾನು. ಸಂಜೀವಯ್ಯನವರಿಗೆ ಆ ಬೀರುವಿನ ಮೇಲೆ ಕಣ್ಣು.

ಪ್ರೊಫೆಸರ್ ಒಳ್ಳೆಯವರೇ. ಕೋಟಿನ ತೋಳು ಮಡಿಸಿ ಬಿಸಿಲಿಗೆ ಬಂದು ನಿಂತು ಹುಡುಗರಿಗೆ ಹೇಳಿದರು. "ದೇವಸ್ಥಾನದ ದೀಪದ ಕಂಬ ಎಷ್ಟು ಎತ್ತರ ಇದೆ ಅಂತ ಹತ್ತದೆ ತಿಳಿಯೋದು ಹೇಗೆ? ಕಂಬದ ನೆರಳನ್ನ ಅಳೆಯಿರಿ. ಈ ಮನುಷ್ಯನ ನೆರಳನ್ನ ಅಳೆಯಿರಿ. ಇವನ ಎತ್ತರ ಗೊತ್ತಿದ್ರೆ ಸಾಕು, ಕಂಬದ ಎತ್ತರ ತಾನಾಗಿ ಸಿಗುತ್ತೆ. ಯಾಕೆ? ಕಂಬಕ್ಕೂ ಇವನಿಗೂ ಬಿಸಿಲು ಒಂದೇ. ಹೌದೋ ಅಲ್ವೋ?"

"ಹೌದು ಸಾರ್," ಅಂದರು ಹುಡುಗರೆಲ್ಲ.

"ಒಂದು ಕೋಲು ನೆಟ್ಟಿದ್ರೂ ಆಗ್ತಿತ್ತಲ್ಲ ಮೇಷ್ಟ್ರೇ?" ಎಂದು ಪ್ರೊಫೆಸರ್ ಆಮೇಲೆ ಕೇಳಿದರು.

"ಬಂಡೆ ಸಾರ್. ಕೋಲು ನಿಲ್ಲಲ್ಲ. ಇವನು ನಿಲ್ತಾನೆ," ಅಂದರು ಸಂಜೀವಯ್ಯ.

ನಿಂತೆ. ನನ್ನ ನೆರಳನ್ನು ಅಳೆಯಲು ಬಂದ ಹುಡುಗರು ಅದರ ಹತ್ತಿರ ಸುಳಿಯಲಿಲ್ಲ. ದೂರದಿಂದ ನೆರಳಿನ ತಲೆಗೆ ಗುರಿಯಿಟ್ಟು ಕಲ್ಲೆಸೆದು ಗುರುತು ಮಾಡಿದರು. ಒಂದೊಂದು ಕಲ್ಲು ಗುರಿ ತಪ್ಪಿ ನನ್ನ ಮೊಣಕಾಲಿಗೆ ಬಂತು. ಪ್ರೊಫೆಸರ್ ಅದನ್ನು ಆಟವೆಂದುಕೊಂಡು ನಕ್ಕರು. ಹೊತ್ತು ಸರಿದ ಹಾಗೆಲ್ಲ ಮತ್ತೆ ಅಳೆಯಬೇಕು. ನೆರಳು ಎಷ್ಟೇ ಗಿಡ್ಡವಾಗಲಿ, ಉದ್ದವಾಗಲಿ, ಕಂಬದ ಎತ್ತರ ಬದಲಾಗುವುದಿಲ್ಲ ಎಂದು ಹುಡುಗರಿಗೆ ಕಾಣಿಸಬೇಕಂತೆ. ಅದಕ್ಕೇ ದಿನವಿಡೀ ನಿಲ್ಲಿಸಿದ್ದು.

ನಾನು ಒಪ್ಪಿದ್ದು ಕೂಲಿಗಲ್ಲ. ನನ್ನ ಮಗಳು ಹನುಮಕ್ಕ ಎರಡು ವರ್ಷದಿಂದ ಆ ಸ್ಕೂಲಿನ ಹೊರಗೆ, ಕಿಟಕಿಯ ಕೆಳಗೆ ಕೂರುತ್ತಿದ್ದಳು. ಎಲ್ಲ ಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂದು ಮಹಾರಾಜರ ಸರ್ಕಾರದ ಆರ್ಡರ್ ಬಂದು ಎಷ್ಟೋ ಕಾಲವಾಗಿತ್ತು. ಆರ್ಡರ್ ಸ್ಕೂಲಿನ ಒಳಗೆ ಹೋಗಿತ್ತು, ಇವಳು ಹೋಗಿರಲಿಲ್ಲ. ಮಗ್ಗಿ, ಪದ್ಯ ಎಲ್ಲ ಕಿವಿಯಿಂದಲೇ ಕಲಿತಳು. ಅಕ್ಷರಗಳನ್ನು ಹುಡುಗರು ಬಿಸಾಕಿದ ಹರಿದ ಪುಸ್ತಕ ನೋಡಿ ಹಲಗೆಯ ಮೇಲೆ ತಿದ್ದಿ ಕಲಿತಳು. ಲೆಕ್ಕ ಮಾತ್ರ ಕಿವಿಗೆ ಬರಲಿಲ್ಲ. ಲೆಕ್ಕ ಇರುವುದು ಬೋರ್ಡಿನ ಮೇಲೆ, ಕಿಟಕಿ ಇರುವುದು ಅವಳ ತಲೆಗಿಂತ ಮೇಲೆ.

"ಅಪ್ಪಯ್ಯ, ಮೇಷ್ಟ್ರು 'ಇದನ್ನ ಇದರ ಕೆಳಗೆ ಬರೀರಿ' ಅಂತಾರೆ. ಯಾವ್ದನ್ನ ಯಾವ್ದರ ಕೆಳಗೆ ಅಂತ ಹೆಂಗೆ ತಿಳಿಯಾದು?" ಎಂದು ಒಂದು ದಿನ ಕೇಳಿದ್ದಳು.

ಸಂಜೀವಯ್ಯನವರು ಕೇರಿಯ ಅಂಚಿಗೆ ಬಂದು ನಿಂತು ಹೇಳಿದ್ದು ಇಷ್ಟು: "ಕಾಲೇಜಿನೋರು ಬಂದ ದಿನ ನಿಂತ್ಕಂಡುಬುಡು ರಂಗ. ಸೋಮವಾರದಿಂದ ನಿನ್ನ ಮಗ್ಳು ಒಳಗೆ. ಬೋರ್ಡಿನ ಎದುರ್ಗೇ ಕೂರಿಸ್ತೀನಿ. ನನ್ ಮಕ್ಕಳಾಣೆಗೂ."

ಮಧ್ಯಾಹ್ನ ಪ್ರೊಫೆಸರ್ ತಮ್ಮ ಲೋಟದಲ್ಲಿ ನೀರು ಹಿಡಿದು ನನ್ನ ಕಡೆ ಬಂದರು. ಸಂಜೀವಯ್ಯ ಓಡಿ ಬಂದು ಅಡ್ಡ ನಿಂತರು. "ಅವನು ಉಪವಾಸ ಸಾರ್, ಈ ಹೊತ್ತು ನೀರು ಮುಟ್ಟಲ್ಲ." ಪ್ರೊಫೆಸರ್ ಹೌದೇ ಎಂಬಂತೆ ನನ್ನ ಮುಖ ನೋಡಿದರು. ಸಂಜೀವಯ್ಯನವರೂ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಪ್ರೊಫೆಸರ್ ಆ ನೀರನ್ನು ತಾವೇ ಕುಡಿದರು.

ಹೊತ್ತು ಇಳಿಯಿತು. ನನ್ನ ನೆರಳು ಮೂಡಲಿಗೆ ತಿರುಗಿ ಉದ್ದಕ್ಕೆ ಚಾಚಿಕೊಂಡಿತು. ಬೆಳಿಗ್ಗೆ ನಿಲ್ಲಿಸುವಾಗ ಯಾರೂ ಯೋಚಿಸದ ಒಂದು ಸಂಗತಿ ಆಗ ಆಯಿತು. ನೆರಳು ಬಾವಿಯಿಂದ ದೇವಸ್ಥಾನಕ್ಕೆ ಹೋಗುವ ದಾರಿಗೆ ಅಡ್ಡ ಬಿತ್ತು. ಮಲ್ಲೇಶ್ವರನ ಪೂಜೆಯ ನಾಗಲಿಂಗಯ್ಯನವರು ತಾಮ್ರದ ಬಿಂದಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಅದೇ ದಾರಿಯಲ್ಲಿ ಬರುತ್ತಿದ್ದರು.

"ಅಯ್ನೋರೇ, ನೆಳ್ಳು! ನೆಳ್ಳು!" ಎಂದು ಹುಡುಗರು ಕಿರುಚಿದರು.

ಅಷ್ಟರಲ್ಲಿ ಅವರ ಕಾಲು ನನ್ನ ತಲೆಯ ನೆರಳಿನಲ್ಲಿ ಇತ್ತು.

"ಯಾವನ್ಲಾ ಈ ಹೊಲೆಯನ್ನ ಇಲ್ಲಿ ನಿಲ್ಸಿದ್ದು? ನಿನ್ ಮನೆ ಹಾಳಾಗ! ದೇವರ ನೀರು ಕಣ್ಲಾ ಸೂಳೆಮಗನೆ, ದೇವರ ನೀರು!"

"ಅದು ಬರೀ ನೆರಳು ಸ್ವಾಮಿ," ಅಂದರು ಪ್ರೊಫೆಸರ್. "ಬೆಳಕು ಬೀಳದ ಜಾಗ, ಅಷ್ಟೆ."

"ನಿಮ್ ಮೈಸೂರ್ನಾಗೆ ಅಂಗಿರ್ಬೋದು, ಸ್ವಾಮಿ."

ನಾಗಲಿಂಗಯ್ಯನವರು ಬಿಂದಿಗೆಯನ್ನು ಅಲ್ಲೇ ಬೋರಲು ಹಾಕಿದರು. ತಣ್ಣಗಿನ ನೀರು ನನ್ನ ನೆರಳಿನ ಮುಖದ ಮೇಲೆ ಹರಿದುಹೋಯಿತು. ನನ್ನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಅವರು ಹುಡುಗರು ಗುರುತಿಗೆ ಎಸೆದಿದ್ದ ಕಲ್ಲೊಂದನ್ನು ಎತ್ತಿಕೊಂಡು ಬೀಸಿದರು. ಅದು ಭುಜದ ಮೂಳೆಗೆ ತಗುಲಿತು. ಅತ್ತ ಸರಿದುಕೋ ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ ನಾನು ಸರಿಯಲಿಲ್ಲ.

ಪ್ರೊಫೆಸರ್ ಮೋಟಾರು ಹತ್ತುವಾಗ ನನ್ನನ್ನು ನೋಡಿ, "ಬಹಳ ಚೆನ್ನಾಗಿ ನಿಂತೆಯಪ್ಪ," ಅಂದರು. ಮೇಷ್ಟ್ರಿಗೆ, "ಒಳಗೆ ಬೋರ್ಡಿನ ಮೇಲೆ ಬರೆದಿರೋ ಈ ಪಾಠ ಹಾಗೇ ಇರಲಿ. ಅಳಿಸಬೇಡಿ," ಎಂದು ಹೇಳಿ ಹೋದರು.

ಧೂಳು ಕೂತ ಮೇಲೆ ಸಂಜೀವಯ್ಯನವರು ನನ್ನ ಕಡೆ ತಿರುಗಿದರು.

"ನೋಡ್ದ್ಯಲ್ಲ. ಈಗ ನಿನ್ ಮಗಳನ್ನ ಒಳಗೆ ಕೂರಿಸಿದ್ರೆ ಊರೋರು ನನ್ನ ಸುಟ್ಟಾಕ್ತಾರೆ. ಇನ್ನು ಕಿಟಕಿ ಕೆಳಗೂ ಬ್ಯಾಡ ಅಂದವ್ರೆ ಅಯ್ನೋರು."

"ಬುದ್ಧಿ, ಆಣೆ ಮಾಡಿದ್ರಿ..."

"ಆಣೆ ಅಂತೆ! ನಿನ್ ನೆಳ್ಳನ್ನ ನೀನು ನೆಟ್ಟಗೆ ಇಟ್ಕಳಾಕೆ ಆಗ್ಲಿಲ್ಲ, ನನ್ನ ಆಣೆ ಕೇಳ್ತೀಯ. ತಗಾ, ಈ ಹಗ್ಗ ನೀನೇ ಇಟ್ಕ. ನೀನು ಮೆಟ್ಟಿದ್ದನ್ನ ಇಲ್ಲಿ ಯಾರು ಮುಟ್ತಾರೆ?"

ಗುಡಿಸಲಿಗೆ ಬಂದಾಗ ಹೆಂಡತಿ ಕೊಲ್ಲಾಪುರಮ್ಮ ನನ್ನ ಅಂಗಾಲಿಗೆ ಹರಳೆಣ್ಣೆ ಹಚ್ಚಿದಳು. ಹಚ್ಚಿದ್ದು ನನಗೆ ಗೊತ್ತಾಗಲಿಲ್ಲ.

"ಏನ್ ಕೊಟ್ರು?"

"ಹಗ್ಗ."

ಅವಳು ಅದನ್ನು ಎಳೆದು ನೋಡಿದಳು. "ಗಟ್ಟಿಯಾಗೈತೆ. ನೇಣಾಕ್ಕಳಾಕೆ ಸರೋಯ್ತದೆ," ಅಂದು ಸೂರಿನ ಗಳಕ್ಕೆ ಸಿಕ್ಕಿಸಿದಳು. ಹನುಮಕ್ಕ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅಳಲಿಲ್ಲ. ಹಲಗೆಯನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಮೂಲೆಯಲ್ಲಿ ಇಟ್ಟುಬಿಟ್ಟಳು. ಅವಳು ಹಾಗೆ ಇಟ್ಟದ್ದನ್ನು ನೋಡಿದಾಗ ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅಂಗಾಲಿನ ಹಾಗೆ ಒಳಗೂ ಏನೂ ಗೊತ್ತಾಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಎದ್ದು, "ಹಲಗೆ ತಗಾ, ನಡಿ," ಅಂದೆ.

"ಎಲ್ಲಿಗೆ ಕರ್ಕಂಡೋಗ್ತೀಯ? ಹುಚ್ಚಾ ನಿನ್ಗೆ? ಕೊಂದಾಕ್ತಾರೆ ಕಣಯ್ಯ," ಅಂದಳು ಕೊಲ್ಲಾಪುರಮ್ಮ.

"ಎಲ್ಲಿಗೂ ಇಲ್ಲ. ನಿಂತ್ಕಳಾಕೆ."

ಸ್ಕೂಲಿನ ಬಾಗಿಲು ಮೂಡಲಿಗೆ. ಬಾಗಿಲ ಮುಂದೆಯೇ ಮಧುಗಿರಿಗೆ ಹೋಗುವ ಗಾಡಿರಸ್ತೆ. ಆ ರಸ್ತೆಯ ಅಂಚಿಗೆ ಹೋಗಿ, ಬಾಗಿಲಿಗೆ ಎದುರಾಗಿ, ಹನುಮಕ್ಕನನ್ನು ಮುಂದೆ ನಿಲ್ಲಿಸಿಕೊಂಡು ನಿಂತೆ. ಬೆನ್ನ ಹಿಂದೆ ಹೊತ್ತು ಹುಟ್ಟಿ ಮೇಲೆ ಬರುತ್ತಿತ್ತು. ನನ್ನ ನೆರಳು ರಸ್ತೆಯ ಅಂಚಿನಿಂದ ಹೊರಟು ಮೆಟ್ಟಿಲು ಹತ್ತಿ, ಹೊಸ್ತಿಲು ದಾಟಿ, ಒಳಗೆ ನೆಲದ ಮೇಲೆ ಬೋರ್ಡಿನ ಕಾಲಿನ ತನಕ ಹೋಗಿ ಮಲಗಿತು. ಈ ನಾಲ್ವತ್ತು ವರ್ಷದಲ್ಲಿ ನನ್ನದು ಅಂತ ಏನಾದರೂ ಆ ಹೊಸ್ತಿಲು ದಾಟಿದ್ದು ಅದೇ ಮೊದಲು.

ಹುಡುಗರು ಬಂದು ಮೆಟ್ಟಿಲ ಪಕ್ಕದಲ್ಲಿ ಗುಂಪಾಗಿ ನಿಂತರು. ಒಬ್ಬನೂ ಹತ್ತಲಿಲ್ಲ. ಸಂಜೀವಯ್ಯನವರು ಮೊದಲೇ ಬಂದು ಒಳಗೆ ಸಿಕ್ಕಿಕೊಂಡಿದ್ದರು. ಕದ ಹಾಕಬೇಕೆಂದರೂ ನೆರಳನ್ನು ತುಳಿಯಬೇಕು. ಅವರಿಗೆ ನೆರಳಿನ ಭಯ ಅಷ್ಟಿರಲಿಲ್ಲ; ನೋಡುವವರ ಭಯವಿತ್ತು.

"ಲೇ ರಂಗ! ಅತ್ತಗೋಗ್ಲಾ, ಬಡ್ಡಿಮಗನೆ! ಸ್ಕೂಲು ನಡೀಬೇಕು!"

"ಸರ್ಕಾರದ ರಸ್ತೆ ಬುದ್ಧಿ. ಸುಮ್ಕೆ ನಿಂತಿವ್ನಿ."

"ಯಾಕ್ಲಾ ನಿಂತಿದ್ದೀಯ?"

"ನೀವೇ ಅಲ್ವಾ ನಿಲ್ಸಿದ್ದು, ಅಲ್ಲಾಡದಂಗೆ."

ಹುಡುಗನೊಬ್ಬ ನಾಗಲಿಂಗಯ್ಯನವರನ್ನು ಕರೆಯಲು ದೇವಸ್ಥಾನದ ಕಡೆ ಓಡಿದ. ಅವರು ಬಂದರು, ಅವರ ಹಿಂದೆ ಊರಿನ ಹಲವರು ಬಂದರು. ಬೈಗುಳ ಬಿತ್ತು. ಆಮೇಲೆ ಒಂದು ಕಲ್ಲು ಬಂದು ಬೆನ್ನಿಗೆ ಬಿತ್ತು, ಇನ್ನೊಂದು ಕಿವಿಯನ್ನು ಸವರಿಕೊಂಡು ಹೋಯಿತು. ಕತ್ತಿನ ಮೇಲೆ ಏನೋ ಬೆಚ್ಚಗೆ ಇಳಿಯಿತು. ನೋವಾಗಲಿಲ್ಲ. ಹನುಮಕ್ಕನ ಹೆಗಲ ಮೇಲಿದ್ದ ನನ್ನ ಕೈಗಳಿಗೆ ಅವಳು ನಡುಗುವುದು ಮಾತ್ರ ಗೊತ್ತಾಗುತ್ತಿತ್ತು.

ಹೊತ್ತು ಏರಿತು. ಬೋರ್ಡಿನ ಕಾಲ ಹತ್ತಿರ ಇದ್ದ ನೆರಳು ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. "ತಡೀರಿ, ಹೊತ್ತೇರಿದ್ರೆ ತಾನೇ ಹೊರಕ್ಕೆ ಬತ್ತದೆ," ಎಂದು ಯಾರೋ ನಕ್ಕರು. ಅವರ ಮಾತು ಸರಿಯಾಗಿತ್ತು. ನಾನು ಅವಳನ್ನು ಮುಂದೆ ಮಾಡಿಕೊಂಡು ಒಂದು ಹೆಜ್ಜೆ ಇಟ್ಟೆ. ನೆರಳು ಮತ್ತೆ ಬೋರ್ಡಿನ ಕಾಲಿಗೆ ಹೋಯಿತು. ನಗು ನಿಂತಿತು. ಇನ್ನಷ್ಟು ಹೊತ್ತಾಯಿತು. ನೆರಳು ಗಿಡ್ಡವಾಯಿತು. ಇನ್ನೊಂದು ಹೆಜ್ಜೆ ಇಟ್ಟೆ. ಈಗ ರಸ್ತೆ ಹಿಂದೆ ಉಳಿದಿತ್ತು.

"ಅಪ್ಪಯ್ಯ," ಅಂದಳು ಹನುಮಕ್ಕ, "ಬೋರ್ಡು ಕಾಣ್ತದೆ."

"ಏನೈತೆ ಅದ್ರಾಗೆ?"

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ದೀಪದ ಕಂಬ ಬರ್ದವ್ರೆ. ಮೇಲೆ ಸೂರ್ಯ. ಕೆಳಗೆ ಎರಡು ಗೀಟು, ನೆಳ್ಳು ಅಂತ."

"ನಾನು?"

ಅವಳು ಸ್ವಲ್ಪ ಹೊತ್ತು ಹುಡುಕಿದಳು.

"ನೀನಿಲ್ಲ ಅಪ್ಪಯ್ಯ. ಕೋಲು ಅಂತ ಬರ್ದವ್ರೆ."

ನಾಗಲಿಂಗಯ್ಯನವರ ಕೈಯಲ್ಲಿ ಇನ್ನೊಂದು ಕಲ್ಲಿತ್ತು. ಸಂಜೀವಯ್ಯನವರು ಬೋರ್ಡಿಗೆ ಬೆನ್ನು ಒತ್ತಿಕೊಂಡು ನಿಂತಿದ್ದರು. ಬಿಸಿಲು ಚುರುಕಾಯಿತು, ನೆರಳು ಮತ್ತೆ ಗಿಡ್ಡವಾಯಿತು. ಮುಂದೆ ಮೆಟ್ಟಿಲಿತ್ತು.

"ಕಾಲೆತ್ತಿಡು ಮಗ," ಅಂದೆ.