ಲಿವರ್‌ಗೆ ರಜೆ

ಗುಳ್ಳೆ, ಇಲ್ಲೊಂದು ಗುಳ್ಳೆ, ಅಯ್ಯೋ ತಟ್ಟೆ ತುಂಬ ಗುಳ್ಳೆಗಳೇ, ಸೂಕ್ಷ್ಮದರ್ಶಕದ ತಿರುಪು ತಿರುಗಿಸಿದೆ, ಮತ್ತೆ ತಿರುಗಿಸಿದೆ, ಕಣ್ಣಿನ ದೋಷ ಅಲ್ಲ, ಬೆಳಿಗ್ಗೆ ಇಲಿಯ ಲಿವರ್ ಜೀವಕೋಶಗಳನ್ನ ಬರೀ ಉಪ್ಪುನೀರಲ್ಲಿ ತೊಳೆದವಳು ನಾನೇ, ತೊಳೆದ ಕೂಡಲೇ ಅವುಗಳ ಊಟ, ಅಮೈನೋ ಆಮ್ಲ, ಹಾಕಬೇಕಿತ್ತು, ಅಷ್ಟರಲ್ಲಿ ಆಸ್ಪತ್ರೆಯಿಂದ ಭಾವನ ಫೋನು — ನಿಮ್ಮಕ್ಕ ಇವತ್ತೂ ಏನೂ ಮುಟ್ಟಿಲ್ಲ, ನೀನಾದ್ರೂ ಬಂದು ಹೇಳು — ಮಾತಲ್ಲಿ ಮರೆತೇ ಹೋಯ್ತು, ಹೊರಗಿಂದ ಅಮೈನೋ ಆಮ್ಲ ಬರಲಿಲ್ಲ ಅಂದ್ರೆ ಇವು ಕಾಯುತ್ತ ಕೂರಲ್ಲ, ತಮ್ಮದೇ ಪ್ರೋಟೀನನ್ನ ಇಂಥ ಗುಳ್ಳೆ ಚೀಲದಲ್ಲಿ ಕಟ್ಟಿ ಒಳಗೊಳಗೇ ಅರಗಿಸಿಕೊಳ್ತವೆ, ಲ್ಯೂಸೀನ್‌ನಂಥ ಒಂದೆರಡು ಬಂದು ಸೇರಿದರೂ ಸಾಕು, ಊಟ ಬಂತು ಅಂತ ಗೊತ್ತಾಗಿ ನಿಲ್ಲಿಸ್ತವೆ, ಬರದಿದ್ರೆ ಇನ್ನೊಂದು ಚೀಲ, ಮತ್ತೊಂದು, ವರ್ಷಾನುಗಟ್ಟಲೆ ಇದನ್ನೇ ನೋಡಿದೀನಿ, ಎದೆ ಹೀಗೆ ಧಸಕ್ಕೆಂದದ್ದು ಇವತ್ತೇ, ಅಕ್ಕನ ಲಿವರ್ ಆಗಲೇ ಅರ್ಧ ಕೆಟ್ಟಿದೆ.

ಕೋಟು ಎಲ್ಲಿ ಬಿಸಾಕಿದೆನೋ, ಮೆಟ್ಟಿಲು ಹೇಗಿಳಿದೆನೋ, ಬಸ್ಸಲ್ಲಿ ಕೂತಿದೀನಿ, ಅಕ್ಕನದು ಮೊದಲಿಂದ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು, ಲಾಂಡ್ರಿ ನಡೆಸೋಳು, ಮೆಷಿನ್ ಗುರ್ ಅಂದ್ರೆ ಸ್ವಿಚ್ ಆರಿಸು, ಖಾಲಿ ಮಾಡು, ಜಾಲರಿ ತೊಳಿ, ಒಂದಿನ ಮುಟ್ಟಬೇಡ, ಆಮೇಲೆ ನೋಡು ಹೇಗೆ ಓಡುತ್ತೆ, ಈಗ ಲಿವರ್‌ಗೂ ಅದೇ ಮದ್ದು, ಪಾಪ ಕಣೇ ಅದಕ್ಕೂ ರಜೆ ಬೇಡ್ವಾ ಅಂತಾಳೆ, ಡಾಕ್ಟರು ಮೊಟ್ಟೆ ತಿನ್ನಿ ಹಾಲು ಕುಡೀರಿ ಉಪವಾಸ ಮಾತ್ರ ಬೇಡ ಅಂದ್ರೆ ಹೂಂ ಹೂಂ ಅನ್ನೋದು, ಅವರು ಬೆನ್ನು ತಿರುಗಿಸಿದ ಮೇಲೆ ತಟ್ಟೆ ಪಕ್ಕದ ಹಾಸಿಗೆಗೆ, ನನ್ನನ್ನ ಒಂದು ಹೊತ್ತೂ ಹಸಿದಿರೋಕೆ ಬಿಟ್ಟವಳಲ್ಲ ಇವಳು, ನಿಜ ಹೇಳಿದ್ರೆ ಗಾಬರಿ ಬೀಳ್ತಾಳೆ, ಹೇಳದಿದ್ರೆ, ಹೇಳದಿದ್ರೆ ಸಾಯ್ತಾಳೆ, ಥೂ ಎಂಥ ಮಾತು ಬಂತು ಬಾಯಿಗೆ, ಭಯ ಆಗ್ತಿದೆ, ಈ ಸಿಗ್ನಲ್ ಯಾವಾಗ ಬಿಡುತ್ತೋ.

ಬಾ ಕೂತ್ಕೋ, ಮುಖ ಯಾಕೆ ಸುಟ್ಟ ಬದನೆಕಾಯಿ ಥರ ಮಾಡ್ಕೊಂಡಿದೀಯ, ಅಕ್ಕ ದಿಂಬಿಗೆ ಒರಗಿ ನಗ್ತಿದಾಳೆ, ಕಣ್ಣು ಹಳದಿ, ಭಾವ ಕಿಟಕಿ ಹತ್ರ ನಿಂತು ನನ್ನನ್ನೇ ನೋಡ್ತಿದಾರೆ, ಮೊಟ್ಟೆ ಸಿಪ್ಪೆ ಬಿಡಿಸಿ ಚಮಚದಲ್ಲಿ ಪುಡಿ ಮಾಡಿದೆ, ಅಕ್ಕಾ ಅದು ಮೆಷಿನ್ ಅಲ್ಲ, ಆರಿಸೋಕೆ ಬರಲ್ಲ, ನೀನು ಹಾಕದಿದ್ರೆ ಅದು ತನ್ನನ್ನೇ ತಿನ್ನುತ್ತೆ, ನಿನ್ನನ್ನೂ ತಿನ್ನುತ್ತೆ, ತಿನ್ನಲಿ ಬಿಡೇ ಕೊಬ್ಬೇನು ಕಮ್ಮಿ ಇದೆಯಾ ನಂಗೆ, ಕೊಬ್ಬಲ್ಲ ಅಕ್ಕ, ಮಾಂಸ, ಸಾಕು ನಿನ್ನ ಪಾಠ ಅಂತ ಚಮಚ ತಳ್ಳೋಕೆ ಕೈ ಎತ್ತಿದಳು — ಮಣಿಕಟ್ಟಿನ ಆಸ್ಪತ್ರೆ ಪಟ್ಟಿ, ಸೇರಿಸಿದ ದಿನ ಬಿಗಿ ಆಯ್ತು ಅಂತ ನರ್ಸ್ ಜೊತೆ ಜಗಳ ಆಡಿದ್ದಳಲ್ಲ, ಅದೇ ಪಟ್ಟಿ, ಸರ್ರಂತ ಜಾರಿ ಮೊಣಕೈಗೆ ಹೋಯ್ತು, ಅಕ್ಕನೂ ನೋಡಿದಳು, ನಗು ನಿಂತಿತು, ಕೈ ಇಳಿಸಿದಳು, ಪಟ್ಟಿ ಮಣಿಕಟ್ಟಿಗೆ, ಮತ್ತೆ ಎತ್ತಿದಳು, ಮೊಣಕೈಗೆ, ಚಿಕ್ಕ ಮಗು ಥರ ಬಾಯಿ ತೆರೆದಳು, ತಿನ್ನಿಸಬೇಕು, ಈಗಲೇ ತಿನ್ನಿಸಬೇಕು, ಚಮಚ ನನ್ನ ಕೈಯಲ್ಲೇ ಇದೆ, ಕಣ್ಣು ಅಲ್ಲಿಂದ ಕೀಳೋಕಾಗ್ತಿಲ್ಲ, ಪಟ್ಟಿ, ಮೊಣಕೈ, ಪಟ್ಟಿ