ಅಬ್ಬಾನ ಎಡಗಾಲು

ಸಿನಿಮಾ ಮುಗಿದು ದೀಪ ಹತ್ತಿದಾಗ ರೋಣದ ಸಭಾಭವನದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ನನ್ನ ಮೈ ಉರಿಯುತ್ತಿತ್ತು.

ಸಿನಿಮಾ ಉಮಾ ಮೇಡಂ ಕುರಿತದ್ದು. ಆಧುನಿಕ ನೃತ್ಯಕ್ಕೆ ಹೊಸ ದಾರಿ ತೋರಿದವರಂತೆ. ಎಡಗಾಲನ್ನು ನೆಲಕ್ಕೆ ಒರೆಸಿ ಎಳೆಯುವ ಅವರ ಹೆಜ್ಜೆಯನ್ನು ಈಗ ದೇಶವಿದೇಶದ ಹುಡುಗಿಯರೆಲ್ಲ ಹಾಕುತ್ತಾರಂತೆ. ‘ಇದು ಮೇಡಂ ಅವರ ಶೋಧ’ ಎಂದಿತು ಪರದೆಯ ದನಿ. ನನ್ನ ಅಬ್ಬಾ ಇಮಾಮಸಾಬ ನಾಲ್ಕೇ ಸೆಕೆಂಡು ಬಂದುಹೋದರು. ಹೆಸರಿಲ್ಲ. ಕೆಳಗೆ ‘ಹಳ್ಳಿಯ ಕಲಾವಿದ’ ಎಂದಷ್ಟೇ ಬರೆದಿದ್ದರು.

ಶೋಧವಂತೆ! ಹೊಳೆಮಣ್ಣೂರಿನ ನಮ್ಮ ಮನೆಯಲ್ಲೇ ನಲವತ್ತು ದಿನ ಇದ್ದು, ಅಮ್ಮಿ ಬಡಿದ ರೊಟ್ಟಿ ತಿಂದು, ಅಬ್ಬಾನಿಂದ ಮೊಹರಂ ಹೆಜ್ಜೆ ಕಲಿತವರು ಇವರು. ಹರೆಯದಲ್ಲಿ ಅಬ್ಬಾನ ಎಡಗಾಲ ಮೇಲೆ ಗಾಡಿಯ ಗಾಲಿ ಹರಿದಿತ್ತು. ಎತ್ತಲಾಗದ ಕಾಲನ್ನು ಎಳೆದುಕೊಂಡೇ ಕುಣಿಯುತ್ತಿದ್ದರು. ಅದೂ ಕುಣಿತವೇ ಎಂದು ತಿಳಿದ ಊರಿನ ಶಿಷ್ಯರೆಲ್ಲ ಎಳೆಯುವುದನ್ನೇ ಕಲಿತುಬಿಟ್ಟರು. ಅಬ್ಬಾ ನಕ್ಕು ಸುಮ್ಮನಾಗಿದ್ದರು.

ತಮ್ಮ ಹೆಸರು ಬರುತ್ತದೆಂದು ಅಬ್ಬಾ ಇವತ್ತು ಹೊಸ ರುಮಾಲು ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಈಗ ನನ್ನ ಕಡೆ ತಿರುಗಿ, “ನಾಹೀದ, ನನ್ನ ಹೆಸರ ಬಂತೇನವಾ? ನನಗ ಕೇಳಿಸ್ಲಿಲ್ಲ” ಎಂದರು. ನಾನು ಅವರ ರುಮಾಲಿನ ಅಂಚು ಸರಿಮಾಡಿದೆ.

ಮೇಡಂ ವೇದಿಕೆಗೆ ಬಂದರು. ನಾಲ್ಕು ಹೆಜ್ಜೆ ಹಾಕಿ ತೋರಿಸುವವರಿದ್ದರು. ಬಾರಿಸಲು ಹಲಗಿ ಹಿಡಿದು ನಿಂತವರು ಅಬ್ಬಾನ ಹಳೆಯ ಜೋಡಿ ಗ್ಯಾನಪ್ಪ ಕಾಕಾ. ನಮ್ಮ ಮೇಳದಲ್ಲಿ ಕುಣಿಯುವವರು ನೆಲ ಮುಟ್ಟಿ ಹೆಜ್ಜೆ ಕಲಿಸಿದ ಉಸ್ತಾದರ ಹೆಸರು ಹೇಳದ ಹೊರತು ಹಲಗಿ ನುಡಿಯುವುದಿಲ್ಲ. ಮೇಡಂಗೆ ಅದು ಚೆನ್ನಾಗಿ ಗೊತ್ತು. ನೆಲ ಮುಟ್ಟಿದರು, ಹೆಸರು ಹೇಳಲಿಲ್ಲ.

“ಉಸ್ತಾದರ ಹೆಸರ ಹೇಳ್ರಿ, ಬಾರಸ್ತೀನಿ” ಎಂದರು ಕಾಕಾ.

ಮೇಡಂ ಮೈಕು ಹಿಡಿದು ನಕ್ಕರು. “ಈ ಮಣ್ಣೇ ನನ್ನ ಗುರು.”

ಮತ್ತೆ ಚಪ್ಪಾಳೆ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದೆ: “ಮಣ್ಣಿನ ಕಾಲ ಮ್ಯಾಲೆ ಗಾಡಿ ಹರದಿತ್ತೇನ್ರಿ ಮೇಡಂ?”

ಅಬ್ಬಾಗೆ ಈಗ ಎಲ್ಲ ತಿಳಿಯಿತು. “ನಡಿಯವಾ, ಬಸ್ಸಿಗೆ ಹೊತ್ತಾತು” ಎಂದು ಎದ್ದು, ಎಡಗಾಲು ಎಳೆಯುತ್ತ ಬಾಗಿಲ ಕಡೆ ಹೊರಟರು. ಒಂದೊಂದು ಎಳೆತಕ್ಕೂ ಗ್ಯಾನಪ್ಪ ಕಾಕಾ ಹಲಗಿ ಬಡಿದರು. ಇಡೀ ಸಭೆ ತಿರುಗಿ ಅಬ್ಬಾನ ಕಾಲನ್ನೇ ನೋಡಿತು. ಮೇಡಂ ಮಾತ್ರ ನೆಲ ನೋಡುತ್ತಿದ್ದರು.